ವಠಾರದ ರೂಮಾ, ಬೇರೆ ಮನೇನಾ, ಭೋಗ್ಯನಾ, ಪಿಜಿನಾ? ಕಮ್ಮಿ ಸಂಬಳದಲ್ಲಿ ಬೆಂಗಳೂರಲ್ಲಿ ಮನೆ ಹುಡುಕೋರಿಗೆ

ಹೋದ ತಿಂಗಳು ನಮ್ಮೂರ ಕಡೆ ಹುಡುಗ ಒಬ್ಬ ಫೋನ್ ಮಾಡಿದ್ದ. ಪೀಣ್ಯದಲ್ಲಿ ಮೆಷಿನ್ ಶಾಪಲ್ಲಿ ಕೆಲಸ, ಹೆಂಡತಿ ಗಾರ್ಮೆಂಟ್ಸಿಗೆ ಹೋಗ್ತಾಳೆ, ಇಬ್ರದ್ದೂ ಸೇರಿ ಕೈಗೆ 28,000 ಬರುತ್ತೆ, ಮೂರು ವರ್ಷದ ಮಗು. "ಅಣ್ಣ, ಚೀಟಿ ಎತ್ತಿದೀನಿ, 3 ಲಕ್ಷ ಇದೆ, ಇನ್ನೊಂದು ಲಕ್ಷ ಸಾಲ ಮಾಡಿ ಒಂದು ಮನೆ ಭೋಗ್ಯಕ್ಕೆ ಹಾಕ್ಕೊಂಡ್ಬಿಡ್ಲಾ, ಇಲ್ಲ ಬಾಡಿಗೇಲೇ ಇದ್ಬಿಡ್ಲಾ" ಅಂತ ಕೇಳ್ದ. (ಭೋಗ್ಯ ಅಂದ್ರೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ದೆ ಇದ್ದು, ಬಿಡೋವಾಗ ಆ ದುಡ್ಡು ವಾಪಸ್ ತಗೊಳ್ಳೋದು.) ಅದಾಗಿ ಎರಡು ದಿನಕ್ಕೆ ನಮ್ಮ ಚಿಕ್ಕಮ್ಮನ ಮಗಳು, ರಾಯಚೂರಿಂದ ಬಂದು ಬೊಮ್ಮನಹಳ್ಳಿ ಕಡೆ ಕೆಲಸಕ್ಕೆ ಸೇರಿರೋಳು, ಪಿಜಿಲಿ ಇರ್ಲಾ ಅಥವಾ ಜೊತೆ ಕೆಲಸ ಮಾಡೋ ಮೂರು ಜನ ಸೇರಿ ರೂಮ್ ಮಾಡ್ಲಾ ಅಂತ ಕೇಳಿದ್ಲು. ಇಬ್ರಿಗೂ ಫೋನಲ್ಲಿ ಅರ್ಧಂಬರ್ಧ ಹೇಳ್ದೆ, ಆಮೇಲೆ ಅನ್ನಿಸ್ತು ಇದನ್ನ ಕೂತ್ಕೊಂಡು ಪೂರ್ತಿ ಬರೀಬೇಕು ಅಂತ, ಯಾಕಂದ್ರೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಹುಡುಕ್ಕೊಂಡು ನಮ್ಮಪ್ಪ ಒಂದು ಸಲ ಎಲ್ಲಾ ಕಳ್ಕೊಳ್ಳೋ ಹಂತಕ್ಕೆ ಹೋಗಿದ್ರು. ಆ ಕಥೆ ಭೋಗ್ಯದ ಹತ್ರ ಬಂದಾಗ ಹೇಳ್ತೀನಿ.

ಮನೆ ನೋಡೋಕೆ ಮುಂಚೆ ಯಾವುದನ್ನ ಅಳೀಬೇಕು

ಎಲ್ರೂ ಮೊದಲು ಕೇಳೋದು "ಬಾಡಿಗೆ ಎಷ್ಟು". ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ, ನನ್ನ ದುಡ್ಡು ಎಷ್ಟು ಓನರ್ ಕೈಲಿ ಕೂತಿರುತ್ತೆ, ಅದು ವಾಪಸ್ ಬರೋದಕ್ಕೆ ನನ್ನ ಹತ್ರ ಏನು ಹಿಡಿತ ಇದೆ. ಯಾಕಂದ್ರೆ ಮನೆ ಸೋರಿದ್ರೂ, ನೀರು ಬರದಿದ್ರೂ, ಓನರ್ ಬಾಯಿಗೆ ಬಂದಂಗೆ ಮಾತಾಡಿದ್ರೂ ನಾವು ಬಿಟ್ಟು ಹೋಗದೆ ಒದ್ದಾಡೋದು ಆ ಅಡ್ವಾನ್ಸ್ ದುಡ್ಡು ಸಿಕ್ಕಾಕ್ಕೊಂಡಿರುತ್ತೆ ಅಂತಲೇ. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಹಳೇ ರೂಢಿ, ಈಗ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ.

ಇಲ್ಲೊಂದು ಮಾತು. ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ, ಹೊಸ ರೂಲ್ಸ್ ಬಂದಿದೆ ಅಂತ ವಾಟ್ಸಾಪಲ್ಲಿ ಓಡಾಡ್ತಿರುತ್ತಲ್ಲ, ಅದು 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಮಾದರಿ ಅಂದ್ರೆ ಮಾದರಿ ಅಷ್ಟೇ, ರಾಜ್ಯ ಒಪ್ಪಿ ತನ್ನದು ಅಂತ ಮಾಡ್ಕೊಂಡ್ರೆ ಮಾತ್ರ ಜಾರಿ, ಇಲ್ಲಿ ನಡೀತಿರೋದು ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆ ಮೆಸೇಜ್ ತೋರಿಸಿ ಓನರ್ ಹತ್ರ ಜಗಳಕ್ಕೆ ಹೋಗ್ಬೇಡಿ, ಚೌಕಾಸಿ ಮಾಡೋಕೆ ಬೇಕಾದ್ರೆ ಉಪಯೋಗಿಸಿ.

ಎರಡನೇದು ತಿಂಗಳ ನಿಜವಾದ ಖರ್ಚು. ಬಾಡಿಗೆ, ನೀರಿನ ದುಡ್ಡು, ಕರೆಂಟು, ಬಸ್ಸು, ಎಲ್ಲ ಕೂಡಿಸಿ. ಕರೆಂಟ್ ವಿಷಯದಲ್ಲಿ ಒಂದನ್ನ ಮಾತ್ರ ಮರೀಬೇಡಿ, ಮನೆಗೆ ಸಪರೇಟ್ ಮೀಟರ್ ಇದೆಯಾ? ಸರ್ಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತೆ, ಆ ಮೀಟರಿನ ಆರ್‌ಆರ್ ನಂಬರಿಗೆ (ಬಿಲ್ಲಲ್ಲಿರೋ ಕನೆಕ್ಷನ್ ನಂಬರ್) ನಿಮ್ಮ ಆಧಾರ್ ಲಿಂಕ್ ಮಾಡಿಸ್ಕೋಬೇಕು, ಹಳೇ ಮನೆಗೆ ಲಿಂಕ್ ಆಗಿದ್ರೆ ಅದನ್ನ ತೆಗೆಸಿ ಹೊಸದಕ್ಕೆ ಹಾಕಿಸ್ಕೋಬಹುದು. ಆದ್ರೆ ಎಂಟು ಮನೆಗೆ ಒಂದೇ ಮೀಟರ್ ಇದ್ರೆ ಆ ಒಂದು ಮೀಟರಿಗೇ ಲೆಕ್ಕ, ಎಂಟು ಮನೆ ಸೇರಿ 200 ಯೂನಿಟ್ ದಾಟೋದು ಎಷ್ಟೊತ್ತು, ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಅದನ್ನ ಓನರ್ ಸಬ್ ಮೀಟರ್ ಇಟ್ಟು ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡ್ತಾರೆ. 300 ರೂಪಾಯಿ ಬಾಡಿಗೆ ಕಮ್ಮಿ ಅಂತ ಹೋಗಿ 500 ರೂಪಾಯಿ ಕರೆಂಟಿಗೆ ಕೊಡೋದು ಇಲ್ಲೇ.

ಬಸ್ಸಿಂದು ಕೂಡ ಲೆಕ್ಕ ಬದಲಾಗಿದೆ. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಬಸ್ ಫ್ರೀ ಆದ್ಮೇಲೆ, ಫ್ಯಾಕ್ಟರಿ ಗೇಟಿನ ಪಕ್ಕದಲ್ಲೇ ದುಬಾರಿ ರೂಮಲ್ಲಿ ಇರ್ಬೇಕು ಅನ್ನೋದು ಇಲ್ಲ, ಎಷ್ಟೋ ಜನ ಹೆಣ್ಮಕ್ಕಳು ಸ್ವಲ್ಪ ದೂರ ಹೋಗಿ ಒಳ್ಳೇ ಮನೆ ಮಾಡ್ಕೊಂಡಿದಾರೆ. ಆದ್ರೆ ಬೆಳಗ್ಗೆ ಬಸ್ ತಪ್ಪಿ ಹತ್ತು ನಿಮಿಷ ಲೇಟಾಗಿ ಸಂಬಳ ಕಟ್ ಆಗೋದನ್ನೂ ಇದಕ್ಕೆ ಸೇರಿಸಿ ಯೋಚನೆ ಮಾಡಿ.

ಮೂರನೇದು ನೀರು, ಟಾಯ್ಲೆಟ್ಟು, ಸೂರು. ನಾಲ್ಕನೇದು ಕಾಗದ, ಅಂದ್ರೆ ನಾಳೆ ಓನರ್ "ಖಾಲಿ ಮಾಡಿ" ಅಂದಾಗ ಕಾನೂನು ನಿಮ್ಮ ಕಡೆ ಎಷ್ಟು ನಿಲ್ಲುತ್ತೆ ಅನ್ನೋದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲಾ ಥರದ ಮನೆಗೂ ಇದು ಬೇಕು.

ಕಾನೂನು ನಮ್ಮಂಥೋರಿಗೆ ಏನು ಕೊಡುತ್ತೆ

1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ ಕೊನೇಲಿ ಜಾರಿಗೆ ಬಂತು. ಅದರಲ್ಲಿ ಒಳ್ಳೇ ರಕ್ಷಣೆ ಇದೆ, ಕಾಯ್ದೆಯಲ್ಲಿ ಹೇಳಿರೋ ಕಾರಣ ಇದ್ರೆ ಮಾತ್ರ, ಅದೂ ಕೋರ್ಟ್ ಆದೇಶದಿಂದ ಮಾತ್ರ ಖಾಲಿ ಮಾಡಿಸಬಹುದು. ಆದ್ರೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಇದು ಅನ್ವಯ ಆಗಲ್ಲ. ಆಗಿನ ಕಾಲಕ್ಕೆ 3,500 ದೊಡ್ಡ ಬಾಡಿಗೆ, ಈಗ ಲಗ್ಗೆರೆಯಲ್ಲಿ ಒಂದು ಶೀಟ್ ರೂಮಿಗೂ ಅಷ್ಟರ ಹತ್ರ ಹೋಗುತ್ತೆ. ಬಡವರ ರಕ್ಷಣೆಗೆ ಮಾಡಿದ ಗೆರೆ ಇಪ್ಪತ್ತು ವರ್ಷದ ಮೇಲಾದ್ರೂ ಅಲ್ಲೇ ನಿಂತಿದೆ, ಬಡವರು ಮಾತ್ರ ಗೆರೆಯ ಆಚೆ ಬಿದ್ದಿದಾರೆ. ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ.

ಗೆರೆ ದಾಟಿದೋರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಲೆಕ್ಕಕ್ಕೆ ಬರುತ್ತೆ. ಅಗ್ರಿಮೆಂಟಲ್ಲಿ ಬೇರೆ ಏನೂ ಬರೀದಿದ್ರೆ ತಿಂಗಳ ಬಾಡಿಗೆ ಮನೆ ಖಾಲಿ ಮಾಡಿಸೋಕೆ 15 ದಿನದ ನೋಟಿಸ್ ಸಾಕು. ಮಗು ಸ್ಕೂಲಿಗೆ ಹೋಗ್ತಿರೋ ಮನೆಯೋರಿಗೆ 15 ದಿನ ಏನಕ್ಕೂ ಸಾಲಲ್ಲ, ಅದಕ್ಕೇ ಅಗ್ರಿಮೆಂಟಲ್ಲಿ "ಎರಡು ತಿಂಗಳ ನೋಟಿಸ್" ಅಂತ ಬರೆಸ್ಕೊಳ್ಳಿ, ಬರೆಸಿದ್ರೆ ಅದೇ ನಡೆಯುತ್ತೆ. 11 ತಿಂಗಳ ಅಗ್ರಿಮೆಂಟ್ ಯಾಕೆ ಮಾಡ್ತಾರೆ ಅಂದ್ರೆ ಒಂದು ವರ್ಷ ದಾಟಿದ್ರೆ ರಿಜಿಸ್ಟರ್ ಮಾಡಿಸಲೇಬೇಕು ಅಂತ. 11 ತಿಂಗಳು ಮುಗಿದ ಮೇಲೂ ಓನರ್ ಬಾಡಿಗೆ ಇಸ್ಕೊಳ್ತಾ ಹೋದ್ರೆ ನೀವು ತಿಂಗಳಿಂದ ತಿಂಗಳಿಗೆ ಬಾಡಿಗೆದಾರರಾಗೇ ಮುಂದುವರೀತೀರ, ಅಗ್ರಿಮೆಂಟ್ ಮುಗೀತು, ಇವತ್ತೇ ಆಚೆ ನಡೀರಿ ಅನ್ನೋ ಹಾಗಿಲ್ಲ.

ಇನ್ನೊಂದು ಎಷ್ಟು ಜನಕ್ಕೆ ಗೊತ್ತೋ ಇಲ್ವೋ, ನೀವು ಕೆಲಸಕ್ಕೆ ಹೋದಾಗ ಓನರ್ ಬೀಗ ಬದಲಾಯಿಸಿ ಸಾಮಾನು ಆಚೆ ಹಾಕಿದ್ರೆ, ಬಾಡಿಗೆ ಬಾಕಿ ಇದ್ರೂ ಸರಿ, ಅದು ತಪ್ಪೇ. ಮನೆ ಅವರದ್ದೇ ಇರಬಹುದು, ಸ್ವಾಧೀನ ನಿಮ್ಮದು. 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟಿನ 6ನೇ ಸೆಕ್ಷನ್ನಲ್ಲಿ ಆರು ತಿಂಗಳೊಳಗೆ ಕೇಸ್ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಆ ಕ್ಷಣಕ್ಕೆ 112ಕ್ಕೆ ಫೋನ್ ಮಾಡಿ, ಸಾಮಾನಿನ ವಿಡಿಯೋ ಮಾಡ್ಕೊಳ್ಳಿ. ಇಷ್ಟಕ್ಕೆಲ್ಲ ನೀವು ಅಲ್ಲಿ ವಾಸ ಇದ್ರಿ ಅನ್ನೋಕೆ ಸಾಕ್ಷಿ ಬೇಕು, ಅದಕ್ಕೇ ಬಾಡಿಗೆ ಕ್ಯಾಶಲ್ಲಿ ಕೊಡಬೇಡಿ, ಫೋನ್‌ಪೇ ಗೂಗಲ್‌ಪೇಲಿ ಕಳಿಸಿ "ಜೂನ್ ಬಾಡಿಗೆ" ಅಂತ ಟೈಪ್ ಮಾಡಿ. ಓನರ್ ಕ್ಯಾಶೇ ಬೇಕು ಅಂದ್ರೆ ಒಂದು ಪುಸ್ತಕ ಇಟ್ಟು ತಿಂಗಳು ತಿಂಗಳು ಸೈನ್ ಹಾಕಿಸ್ಕೊಳ್ಳಿ, ನಮ್ಮಮ್ಮ ಹಾಲಿನ ಲೆಕ್ಕದ ಪುಸ್ತಕದಲ್ಲೇ ಹಿಂದಿನ ಪುಟದಲ್ಲಿ ಹಾಕಿಸ್ತಿದ್ರು.

ವಠಾರದ ಶೀಟ್ ರೂಮು

ಸಾಲಾಗಿ ಆರೋ ಎಂಟೋ ಹತ್ತೋ ರೂಮು, ಮೇಲೆ ಸಿಮೆಂಟ್ ಶೀಟು, ಕೊನೇಲಿ ಎರಡು ಟಾಯ್ಲೆಟ್ಟು, ಮುಂದೆ ಒಂದು ಸಂಪು. ನಾನು ಹುಟ್ಟಿ ಬೆಳೆದಿದ್ದು ಕಾಮಾಕ್ಷಿಪಾಳ್ಯದ ಇಂಥದ್ದೇ ವಠಾರದಲ್ಲಿ, ಅದನ್ನ ಹೀಯಾಳಿಸೋಕೆ ನನಗೆ ಬಾಯಿ ಬರಲ್ಲ. ಅಮ್ಮ ಡ್ಯೂಟಿಯಿಂದ ಲೇಟಾದ್ರೆ ಪಕ್ಕದ ಮನೆ ಆಂಟಿ ಊಟ ಹಾಕಿರೋರು, ಮಗು ಇರೋ ಮನೆಯೋರಿಗೆ ಇದರ ಬೆಲೆ ಏನು ಅಂತ ಗೊತ್ತು.

ಇದರ ದೊಡ್ಡ ಗುಣ, ಅಡ್ವಾನ್ಸ್ ಕಮ್ಮಿ. ಹತ್ತಿಪ್ಪತ್ತು ಸಾವಿರದೊಳಗೆ ಮುಗಿಯುತ್ತೆ, ಅಂದ್ರೆ ಬಿಟ್ಟು ಹೋಗೋದು ಸುಲಭ, ಓನರ್ ಕಿರಿಕಿರಿ ಮಾಡಿದ್ರೆ ಮುಂದಿನ ತಿಂಗಳೇ ಬೇರೆ ಕಡೆ ಹೋಗ್ಬಹುದು. ಬಾಡಿಗೆ 3,500ರೊಳಗೆ ಇದ್ರೆ ಮೇಲೆ ಹೇಳಿದ ಬಾಡಿಗೆ ಕಾಯ್ದೆ ರಕ್ಷಣೆ ಕೇಳೋ ಅವಕಾಶನೂ ಇಲ್ಲೇ ಜಾಸ್ತಿ. ಆದ್ರೆ ಇಲ್ಲಿ ಅಗ್ರಿಮೆಂಟೇ ಇರಲ್ಲ, ಎಲ್ಲಾ ಬಾಯಿಮಾತು. ಅಡ್ವಾನ್ಸ್ ಕೊಟ್ಟಿದ್ದಕ್ಕೆ ಒಂದು ಚೀಟಿನೂ ಇರಲ್ಲ. ಕನಿಷ್ಠ ಆ ದುಡ್ಡನ್ನಾದ್ರೂ ಅಕೌಂಟಿಗೆ ಹಾಕಿ.

ಕಷ್ಟ ಅಂದ್ರೆ ಏಪ್ರಿಲ್ಲಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ಮಲಗೋಕಾಗಲ್ಲ, ನೈಟ್ ಶಿಫ್ಟ್ ಮಾಡೋರಿಗೆ ಇದು ದೊಡ್ಡ ಹಿಂಸೆ, ಹಗಲು ನಿದ್ದೆ ಬೇಕಾದೋರು ಈ ಮನೆ ತಗೊಳ್ಳಲೇಬೇಡಿ. ಮಳೆ ಬಂದ್ರೆ ಬೋಲ್ಟ್ ಹಾಕಿರೋ ತೂತಲ್ಲಿ ತೊಟ್ಟಿಕ್ಕುತ್ತೆ. ಟಾಯ್ಲೆಟ್ಟಿಗೆ ಎಷ್ಟು ಮನೆ ಅಂತ ಎಣಿಸಿ, ಎರಡು ಟಾಯ್ಲೆಟ್ಟಿಗೆ ಎಂಟು ಮನೆ ದಾಟಿದ್ರೆ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಯುದ್ಧನೇ. ಹೆಣ್ಮಕ್ಕಳು ರಾತ್ರಿ ಹೋಗೋಕೆ ಲೈಟ್ ಇದೆಯಾ, ಒಳಗಿಂದ ಚಿಲಕ ಸರಿಯಾಗಿ ಬೀಳುತ್ತಾ, ಇದನ್ನ ಗಂಡಸರು ಮನೆ ನೋಡೋಕೆ ಹೋದಾಗ ಕೇಳೋದೇ ಇಲ್ಲ. ಅದಕ್ಕೇ ಹೆಂಡತೀನ ಕರ್ಕೊಂಡು ಹೋಗಿ.

ಬೇರೆ ಮನೆ, ತಿಂಗಳ ಬಾಡಿಗೆ

ಸಿಂಗಲ್ ರೂಮೋ ಡಬಲ್ ರೂಮೋ ಮೋಲ್ಡ್ ಮನೆ (ಅಂದ್ರೆ ಕಾಂಕ್ರೀಟ್ ಸೂರಿನದ್ದು), ಒಳಗೇ ಬಾತ್‌ರೂಮು, ಸಪರೇಟ್ ಮೀಟರ್. 6,000 ಬಾಡಿಗೆ ಅಂತ ಇಟ್ಕೊಳ್ಳಿ, ಅಡ್ವಾನ್ಸ್ ಹತ್ತು ತಿಂಗಳದ್ದು ಅಂದ್ರೆ 60,000. ಸಂಸಾರ ಇರೋರಿಗೆ, ಎರಡು ಸಂಬಳ ಬರೋರಿಗೆ ನನ್ನ ಓಟು ಇದಕ್ಕೇ, ಯಾಕೆ ಅಂತ ಭೋಗ್ಯದ ಲೆಕ್ಕ ನೋಡಿದ್ಮೇಲೆ ಗೊತ್ತಾಗುತ್ತೆ.

ಇಲ್ಲಿ ಗುದ್ದಾಟ ಇರೋದು ಅಡ್ವಾನ್ಸ್ ವಾಪಸ್ ತಗೊಳ್ಳೋದ್ರಲ್ಲಿ. ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋದು ಎಲ್ಲಾ ಕಡೆ ಇದೆ, ಅಷ್ಟಕ್ಕೆ ರೆಡಿ ಇರಿ, ಆದ್ರೆ ಅಗ್ರಿಮೆಂಟಲ್ಲಿ ಅಷ್ಟೇ ಅಂತ ಬರೆಸಿ, ಇಲ್ದಿದ್ರೆ ಮೊಳೆ ಹೊಡೆದಿದ್ದಕ್ಕೆ, ನಲ್ಲಿ ಹೋಗಿದ್ದಕ್ಕೆ ಅಂತ ಬೆಳೀತಾ ಹೋಗುತ್ತೆ. ಮನೆಗೆ ಬಂದ ದಿನವೇ, ಹಾಲುಕ್ಕಿಸೋಕೂ ಮುಂಚೆ, ಗೋಡೆ ಬಾಗಿಲು ಕಿಟಕಿ ಸಿಂಕು ಎಲ್ಲಾದರ ಫೋಟೋ ತೆಗೆದು ಓನರ್ ವಾಟ್ಸಾಪಿಗೆ ಕಳಿಸ್ಬಿಡಿ, ತಾರೀಖು ಸಮೇತ ಅಲ್ಲೇ ಇರುತ್ತೆ. "ಬೇರೆಯವರು ಬಂದ್ಮೇಲೆ ಅಡ್ವಾನ್ಸ್ ಕೊಡ್ತೀನಿ" ಅನ್ನೋದಕ್ಕೆ ಒಪ್ಕೋಬೇಡಿ, "ಕೀ ಕೊಡುವ ದಿನವೇ ಅಡ್ವಾನ್ಸ್ ಪೂರ್ತಿ ವಾಪಸ್" ಅಂತ ಒಂದು ಸಾಲು ಅಗ್ರಿಮೆಂಟಲ್ಲಿ ಇರಲಿ. ಆಮೇಲೂ ಕೊಡದಿದ್ರೆ ಮೂರು ವರ್ಷದೊಳಗೆ ಕೇಸ್ ಹಾಕೋ ಹಕ್ಕಿದೆ.

ರಿಪೇರಿ ವಿಷಯ ಕೂಡ ಹಾಗೇ. ಅಗ್ರಿಮೆಂಟಲ್ಲಿ ರಿಪೇರಿ ಓನರ್ ಜವಾಬ್ದಾರಿ ಅಂತ ಇದ್ದು, ನೀವು ತಿಳಿಸಿದ ಮೇಲೂ ಮಾಡಿಸದಿದ್ರೆ, ನೀವೇ ಮಾಡಿಸಿ ಬಾಡಿಗೇಲಿ ಮುರ್ಕೊಳ್ಳೋಕೆ 1882ರ ಕಾಯ್ದೆಯ 108ನೇ ಸೆಕ್ಷನ್ ಅವಕಾಶ ಕೊಡುತ್ತೆ. ಆದ್ರೆ ಆ ಸಾಲು ಬರೆದಿರಬೇಕು. ತಿಳಿಸಿದ್ದು ಮೆಸೇಜಲ್ಲಿರಬೇಕು, ಬಿಲ್ ಇಟ್ಕೊಂಡಿರಬೇಕು.

ನೀರು ಕೇಳೋವಾಗ "ನೀರಿದೆಯಾ" ಅಂತ ಕೇಳಿದ್ರೆ ಎಲ್ರೂ ಇದೆ ಅಂತಾರೆ. 2024ರ ಬೇಸಿಗೇಲಿ ಬೋರ್ ಬತ್ತಿ ಊರೆಲ್ಲಾ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿದೆಯಲ್ಲ, "ಆ ಬೇಸಿಗೇಲಿ ಈ ಮನೆಗೆ ನೀರು ಎಲ್ಲಿಂದ ಬಂತು, ಟ್ಯಾಂಕರ್ ದುಡ್ಡು ಯಾರು ಕೊಟ್ರು" ಅಂತ ಕೇಳಿ. ಕಾವೇರಿ ಕನೆಕ್ಷನ್ ಇದ್ರೆ ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ, ಸಂಪು ಎಷ್ಟು ದೊಡ್ಡದು. ಗ್ರೌಂಡ್ ಫ್ಲೋರ್ ಆಗಿದ್ದು ರಾಜಕಾಲುವೆ ಹತ್ರ ಇದ್ರೆ ಗೋಡೆ ಬುಡ ನೋಡಿ, ಕೆಳಗಡೆ ಎರಡಡಿ ಮಾತ್ರ ಹೊಸ ಪೇಂಟ್ ಹೊಡೆದಿದ್ರೆ ಅಲ್ಲಿವರೆಗೂ ನೀರು ಬಂದಿತ್ತು ಅಂತಲೇ ಅರ್ಥ ಮಾಡ್ಕೊಳ್ಳಿ.

ಮನೆ ಹುಡುಕೋವಾಗ "ನೀವು ಯಾವ ಜನ" ಅನ್ನೋ ಪ್ರಶ್ನೆ ಬರುತ್ತೆ, ದಲಿತರಿಗೂ ಮುಸ್ಲಿಮರಿಗೂ ಟು-ಲೆಟ್ ಬೋರ್ಡ್ ನೇತಾಡ್ತಿದ್ರೂ ಮನೆ ಕೊಟ್ಟಾಯ್ತು ಅಂತಾರೆ. ಇದು ನಾಚಿಕೆಗೇಡು. ಇದರಿಂದಾನೇ ಎಷ್ಟೋ ಜನಕ್ಕೆ ಆಯ್ಕೆ ಅನ್ನೋದೇ ಇರಲ್ಲ, ಸಿಕ್ಕ ಮನೆಗೆ ಜಾಸ್ತಿ ದುಡ್ಡು ಕೊಟ್ಟು ಸೇರ್ತಾರೆ. ಓನರ್ ಸುಮ್ಮನೆ ಸುತ್ತಮುತ್ತಲ ಬಾಡಿಗೆಗಿಂತ ಸಾವಿರ ಜಾಸ್ತಿ ಹೇಳ್ತಿದಾರೆ ಅನ್ನಿಸಿದ್ರೆ ಪಕ್ಕದ ಮನೆಯೋರು ಎಷ್ಟು ಕೊಡ್ತಾರೆ ಅಂತ ವಿಚಾರಿಸಿ ಆಮೇಲೆ ಮಾತಾಡಿ.

ಭೋಗ್ಯ, ಅಂದ್ರೆ ಲೀಸು

ಈಗ ನಮ್ಮಪ್ಪನ ಕಥೆ. ವಠಾರ ಬಿಟ್ಟು ಸುಂಕದಕಟ್ಟೆ ಕಡೆ ಒಂದು ಮನೆ 3 ಲಕ್ಷಕ್ಕೆ ಮೂರು ವರ್ಷ ಭೋಗ್ಯ ಹಾಕ್ಕೊಂಡ್ವಿ, ಅಮ್ಮನ ಒಡವೆ, ಅಪ್ಪನ ಪಿಎಫ್ ದುಡ್ಡು ಎಲ್ಲಾ ಅದರಲ್ಲಿತ್ತು. ತಿಂಗಳಾದ್ರೆ ಬಾಡಿಗೆ ಕೊಡೋ ತಲೆನೋವಿಲ್ಲ ಅಂತ ಎಷ್ಟು ಖುಷಿ ಇತ್ತು ಅಂದ್ರೆ ಅಪ್ಪ ಮನೆಗೆ ತಾವೇ ಬಣ್ಣ ಹೊಡೆದ್ರು. ಎರಡನೇ ವರ್ಷ ಒಂದಿನ ಬಾಗಿಲಿಗೆ ಬ್ಯಾಂಕಿನೋರು ನೋಟಿಸ್ ಅಂಟಿಸಿ ಹೋದ್ರು, ಓನರ್ ನಮಗೆ ಮನೆ ಕೊಡೋಕೆ ಮುಂಚೇನೇ ಪತ್ರ ಇಟ್ಟು ಸಾಲ ತಗೊಂಡು ಕಟ್ಟಿರಲಿಲ್ಲ. ನಮ್ಮ ಕೈಲಿದ್ದಿದ್ದು ಸ್ಟ್ಯಾಂಪ್ ಪೇಪರಲ್ಲಿ ಟೈಪ್ ಮಾಡಿದ, ರಿಜಿಸ್ಟರ್ ಆಗದ ಒಂದು ಅಗ್ರಿಮೆಂಟು. ಒಂದೂವರೆ ವರ್ಷ ಓಡಾಡಿ ಕಂತು ಕಂತಲ್ಲಿ 1 ಲಕ್ಷದ 80 ಸಾವಿರ ಬಂತು. ಉಳಿದಿದ್ದು ಬರಲೇ ಇಲ್ಲ. ಅಮ್ಮನ ಒಡವೆ ಬಿಡಿಸೋಕೇ ಆಗಲಿಲ್ಲ, ಹರಾಜಾಗಿ ಹೋಯ್ತು.

ಆದ್ರೂ ಭೋಗ್ಯ ಕೆಟ್ಟದ್ದು ಅಂತ ನಾನು ಹೇಳಲ್ಲ, ಲೆಕ್ಕ ಹಾಕಿ ನೋಡಿ. ಆ 6,000 ಬಾಡಿಗೆ ಮನೇನೇ 4 ಲಕ್ಷಕ್ಕೆ ಭೋಗ್ಯಕ್ಕೆ ಸಿಗುತ್ತೆ ಅಂದ್ಕೊಳ್ಳೋಣ. 4 ಲಕ್ಷ ನಿಮ್ಮದೇ ದುಡ್ಡು, ಬ್ಯಾಂಕಲ್ಲಿ ಎಫ್‌ಡಿಲಿ ಇದ್ದಿದ್ರೆ ವರ್ಷಕ್ಕೆ ನೂರಕ್ಕೆ ಆರೂವರೆ ಅಂದ್ರೂ 26,000, ತಿಂಗಳಿಗೆ 2,200ರ ಹತ್ರ. ಅಂದ್ರೆ 6,000ದ ಮನೇಲಿ 2,200ಕ್ಕೆ ಇದ್ದ ಹಾಗೆ, ಲಾಭಾನೇ. ಒಡವೆ ಇಟ್ಟು ಬ್ಯಾಂಕಲ್ಲಿ ತಂದ ದುಡ್ಡು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಅಂದ್ರೆ 4,000, ಆಗ್ಲೂ ಸ್ವಲ್ಪ ಉಳಿಯುತ್ತೆ. ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ 8,000, ಬಾಡಿಗೆಗಿಂತ 2,000 ಜಾಸ್ತಿ ಕೊಟ್ಟು ಜೊತೆಗೆ 4 ಲಕ್ಷದ ಭಯನೂ ಇಟ್ಕೊಂಡಂಗೆ. ಫೋನ್ ಮಾಡಿದ ಹುಡುಗನಿಗೆ ಇದನ್ನೇ ಹೇಳಿದ್ದು, ಚೀಟಿ ಎತ್ತಿದೀನಿ ಅಂತೀಯ, ಎತ್ತಿದ ಮೇಲೂ ಉಳಿದ ಕಂತು ಕಟ್ಟಬೇಕಲ್ಲಪ್ಪ, ಅದರ ಮೇಲೆ ಇನ್ನೊಂದು ಲಕ್ಷ ಕೈಸಾಲ ಬೇರೆ, ಅದು ನಿನ್ನ ದುಡ್ಡು ಅಲ್ಲ ಇನ್ನೂ.

ಹಾಗಾಗಿ ದುಡ್ಡು ಪೂರ್ತಿ ಸ್ವಂತದ್ದಾಗಿದ್ರೆ ಮಾತ್ರ ಭೋಗ್ಯ, ಅದೂ ಇಷ್ಟು ನೋಡಿದ್ಮೇಲೆ. ಓನರ್ ಹತ್ರ ಒರಿಜಿನಲ್ ಕ್ರಯಪತ್ರ ಕಣ್ಣಾರೆ ತೋರಿಸಿ ಅನ್ನಿ, ಜೆರಾಕ್ಸ್ ಮಾತ್ರ ಇದೆ ಅಂದ್ರೆ ಒರಿಜಿನಲ್ ಎಲ್ಲೋ ಸಾಲಕ್ಕೆ ಕೂತಿದೆ ಅಂತಲೇ ತಿಳ್ಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, ಹತ್ತು ಹದಿನೈದು ವರ್ಷದ್ದು ಇರಲಿ, ಅದರಲ್ಲಿ ಅಡಮಾನ, ಬೇರೆಯವರಿಗೆ ಮಾರಿದ್ದು ಎಲ್ಲಾ ಕಾಣುತ್ತೆ. ಆದ್ರೆ ಬರೀ ಪತ್ರ ಇಟ್ಟು ತಗೊಂಡ ಬ್ಯಾಂಕ್ ಸಾಲ ಕೆಲವು ಸಲ ಇಸಿಲಿ ಬರಲ್ಲ, ಅದಕ್ಕೆ ಸೆರ್ಸಾಯ್ ಅಂತ ಕೇಂದ್ರದ ರಿಜಿಸ್ಟ್ರಿ ವೆಬ್‌ಸೈಟ್ ಇದೆ, ಸ್ವಲ್ಪ ಫೀಸ್ ಕಟ್ಟಿ ಆ ಆಸ್ತಿ ಮೇಲೆ ಸಾಲ ಇದೆಯಾ ಅಂತ ಹುಡುಕಬಹುದು, ಸೈಬರ್ ಸೆಂಟರ್‌ನೋರಿಗೆ ಹೇಳಿದ್ರೆ ಮಾಡ್ಕೊಡ್ತಾರೆ. ಸೈನ್ ಹಾಕೋದು ಖಾತೆಯಲ್ಲಿ ಹೆಸರಿರೋ ಓನರ್ರೇ ಆಗಿರಬೇಕು. ಮಧ್ಯದ ಕಂಪನಿ ಓನರ್ ಹತ್ರ ತಿಂಗಳ ಬಾಡಿಗೆಗೆ ಮನೆ ತಗೊಂಡು ಜನಕ್ಕೆ ಲಕ್ಷಗಟ್ಟಲೆ ಲೀಸಿಗೆ ಕೊಟ್ಟು ಆಮೇಲೆ ಬಾಗಿಲು ಹಾಕ್ಕೊಂಡು ಹೋಗಿರೋದು ಬೆಂಗಳೂರಲ್ಲಿ ಒಂದೆರಡಲ್ಲ, ಓನರ್ ಬಂದು ನನಗೆ ಬಾಡಿಗೆ ಬಂದಿಲ್ಲ ಖಾಲಿ ಮಾಡಿ ಅಂತಾರೆ, ಅವರೂ ಸುಳ್ಳು ಹೇಳ್ತಿರಲ್ಲ.

ಎಲ್ಲಕ್ಕಿಂತ ಮುಖ್ಯ ರಿಜಿಸ್ಟ್ರೇಷನ್. ಎರಡು ಮೂರು ವರ್ಷದ ಭೋಗ್ಯಕ್ಕೆ ರಿಜಿಸ್ಟ್ರೇಷನ್ ಕಡ್ಡಾಯ, ಅದನ್ನ ತಪ್ಪಿಸೋಕೆ ಅಂತಲೇ 11 ತಿಂಗಳ ಪೇಪರ್ ಮಾಡಿ ಬಾಯಲ್ಲಿ ಮೂರು ವರ್ಷ ಅಂತಾರೆ. ಸ್ವಾಧೀನ ಸಮೇತ ಅಡಮಾನ ಅಂತ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಭೋಗ್ಯಪತ್ರ ಮಾಡಿಸಿದ್ರೆ ನಿಮ್ಮ ದುಡ್ಡು ಬರೋವರೆಗೂ ಮನೆ ನಿಮ್ಮ ಸ್ವಾಧೀನದಲ್ಲಿ ಇಟ್ಕೊಳ್ಳೋ ಹಕ್ಕು ಬರುತ್ತೆ, ನಿಮ್ಮ ಹೆಸರು ಇಸಿಲಿ ಬೀಳುತ್ತೆ, ಆಮೇಲೆ ಆ ಮನೆ ಕೊಳ್ಳೋನು, ಸಾಲ ಕೊಡೋ ಬ್ಯಾಂಕು ಎಲ್ರಿಗೂ ಕಾಣುತ್ತೆ. ಸ್ಟ್ಯಾಂಪ್ ಡ್ಯೂಟಿ ಜಾಸ್ತಿ ಬೀಳುತ್ತೆ, ಎಷ್ಟು ಅಂತ ಮೊದಲೇ ಆಫೀಸಲ್ಲಿ ವಿಚಾರಿಸಿ ನಿಮ್ಮ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಓನರ್ ರಿಜಿಸ್ಟರ್‌ಗೆ ಒಪ್ಪಲ್ಲ ಅಂದ್ರೆ ನಾನಾಗಿದ್ರೆ ಅಲ್ಲಿಗೇ ನಮಸ್ಕಾರ ಹೇಳಿ ಬರ್ತೀನಿ.

ಅರ್ಧ ಲೀಸು ಅರ್ಧ ಬಾಡಿಗೆ ಅಂತಾನೂ ಕೇಳ್ತಾರೆ, 1.5 ಲಕ್ಷ ಕೊಡಿ, ತಿಂಗಳಿಗೆ 3,000 ಕೊಡಿ ಅನ್ನೋ ಥರ. ಅಳತೆ ಅದೇ, 1.5 ಲಕ್ಷ ಕಳ್ಕೊಂಡ್ರೆ ತಡ್ಕೊಳ್ಳೋಕಾಗುತ್ತಾ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ.

ಪಿಜಿ, ಮೂರು ಜನ ಸೇರಿ ರೂಮು

ಒಂಟಿಯಾಗಿ ಬಂದೋರಿಗೆ ಪಿಜಿಯ ಅನುಕೂಲ ಅಂದ್ರೆ ಹೊಸ ಊರಲ್ಲಿ ಮೊದಲ ದಿನವೇ ಹಾಸಿಗೆ, ಊಟ ಸಿಗುತ್ತೆ, ಅಡ್ವಾನ್ಸ್ ಒಂದು ತಿಂಗಳದ್ದೋ ಎಷ್ಟೋ. ಆದ್ರೆ ಅಲ್ಲಿ ನೀವು ಬಾಡಿಗೆದಾರರಲ್ಲ, ಕಾನೂನಿನ ಲೆಕ್ಕದಲ್ಲಿ ಇರೋಕೆ ಅನುಮತಿ ಪಡೆದೋರು ಅಷ್ಟೇ, ಮೇಲೆ ಹೇಳಿದ ನೋಟಿಸ್ ಗೀಟಿಸ್ ರಕ್ಷಣೆ ಇಲ್ಲಿ ತೀರಾ ತೆಳು. 2024ರ ಆಗಸ್ಟಲ್ಲಿ ಪಾಲಿಕೆ ಪಿಜಿಗಳಿಗೆ ನಿಯಮ ಮಾಡಿತ್ತು, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಲ್ಲಿ ಸಿಸಿಟಿವಿ, ಲೈಸೆನ್ಸ್. ಒಂದು ರೂಮಿಗೆ ಐದು ಮಂಚ ಹಾಕಿರೋ ಪಿಜಿ ನೋಡಿದ್ರೆ ಆ 70 ಚದರಡಿ ಲೆಕ್ಕ ಮನಸ್ಸಲ್ಲೇ ಹಾಕಿ, ಹತ್ತಡಿಗೆ ಏಳಡಿ ಒಬ್ಬರಿಗೆ. ದೂರು ಕೊಡೋಕೆ 1533.

ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ್ದು, ಮೂರು ತಿಂಗಳು ಪಿಜಿಲಿರು, ಅಷ್ಟರಲ್ಲಿ ಜೊತೆಯೋರ ಸ್ವಭಾವ ಗೊತ್ತಾಗುತ್ತೆ, ಆಮೇಲೆ ರೂಮ್ ಮಾಡಿ. ಮೂರು ಜನ ಸೇರಿ 6,000ದ ಮನೆ ಅಂದ್ರೆ ತಲೆಗೆ 2,000, ಅಡುಗೆ ಮಾಡ್ಕೊಂಡ್ರೆ ಪಿಜಿಗಿಂತ ಖಂಡಿತ ಕಮ್ಮಿ, ಊರಿಗೆ ಕಳಿಸೋಕೆ ಉಳಿಯುತ್ತೆ. ಅಗ್ರಿಮೆಂಟಲ್ಲಿ ಮೂರೂ ಜನರ ಹೆಸರು ಇರಬೇಕು, ಅಡ್ವಾನ್ಸಲ್ಲಿ ಯಾರದ್ದು ಎಷ್ಟು ಅಂತ ಬರೆದಿರಬೇಕು. ಒಬ್ಬಳ ಹೆಸರಲ್ಲಿ ಮಾತ್ರ ಮಾಡಿದ್ರೆ ಅವಳು ಮದುವೆಯಾಗಿ ಹೋದ ದಿನ ಉಳಿದ ಇಬ್ರಿಗೆ ಮನೇನೂ ಇಲ್ಲ, ಅಡ್ವಾನ್ಸೂ ಇಲ್ಲ. ಸಖಿ ನಿವಾಸ ಅನ್ನೋ ಕೆಲಸಕ್ಕೆ ಹೋಗೋ ಹೆಂಗಸರ ಹಾಸ್ಟೆಲ್ ಯೋಜನೆ ಕೂಡ ಇದೆ, ಸಂಬಳ ನೋಡಿ ಬಾಡಿಗೆಗೆ ಮಿತಿ ಹಾಕ್ತಾರೆ, ಸೀಟು ಕಮ್ಮಿ, ಆದ್ರೂ ಹತ್ತಿರದಲ್ಲಿ ಇದ್ರೆ ಒಂದು ಅರ್ಜಿ ಹಾಕಿಡಿ.

ಇನ್ನೆರಡು

ಕಟ್ಟಡ ಕೆಲಸದೋರಿಗೆ ಸೈಟ್ ಶೆಡ್. ಬಾಡಿಗೆ ಇಲ್ಲ ಅನ್ನೋದೇ ಆಕರ್ಷಣೆ, ಆದ್ರೆ ಅದು ಮೇಸ್ತ್ರಿ ಮಾಡೋ ಉಪಕಾರ ಏನಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಕೆಲಸಗಾರರಿಗೆ ತಾತ್ಕಾಲಿಕ ವಸತಿ ಪುಕ್ಕಟೆ ಕೊಡಬೇಕು, ಅಡುಗೆಗೆ ಸ್ನಾನಕ್ಕೆ ಟಾಯ್ಲೆಟ್ಟಿಗೆ ಬೇರೆ ಬೇರೆ ಜಾಗ ಇರಬೇಕು ಅಂತ ಬರೆದಿತ್ತು. ಶೆಡ್ಡಿಗೆ ಅಂತ ಕೂಲೀಲಿ ಮುರ್ಕೊಳ್ತಿದ್ರೆ ಲೇಬರ್ ಆಫೀಸಲ್ಲಿ ಕೇಳಿ. ಮಕ್ಕಳು ಸ್ಕೂಲಿಗೆ ಹೋಗೋ ವಯಸ್ಸಿನವರಿದ್ರೆ ಮಾತ್ರ ಶೆಡ್ ಬೇಡ, ಸೈಟ್ ಮುಗಿದಂಗೆಲ್ಲಾ ಮಕ್ಕಳ ಓದು ಅಲ್ಲಲ್ಲೇ ನಿಂತುಹೋಗುತ್ತೆ, ವಠಾರದ ರೂಮೇ ಮೇಲು.

ಬೋರ್ಡ್ ಮನೆ, ಅಂದ್ರೆ ಸ್ಲಂ ಬೋರ್ಡ್ ಕಟ್ಟಿಕೊಟ್ಟ ಮನೇನ ಅಲಾಟ್ ಆದೋರು ಬಾಡಿಗೆಗೋ ಲೀಸಿಗೋ ಕೊಡೋದು. ಕಮ್ಮಿಗೆ ಸಿಗುತ್ತೆ, ಮೋಲ್ಡ್ ಮನೆ, ಒಳಗೇ ಟಾಯ್ಲೆಟ್. ಆದ್ರೆ ಅದು ಫಲಾನುಭವಿಯೇ ವಾಸ ಇರಲಿ ಅಂತ ಕೊಟ್ಟ ಮನೆ, ಚೆಕಿಂಗ್ ಬಂದ್ರೆ ಮೊದಲು ಆಚೆ ಬರೋರು ನೀವು, ಅಗ್ರಿಮೆಂಟ್ ತೋರಿಸಿ ಏನೂ ಕೇಳೋಕಾಗಲ್ಲ. ತಿಂಗಳ ಬಾಡಿಗೆಗೆ, ತೀರಾ ಕಮ್ಮಿ ಅಡ್ವಾನ್ಸಿಗೆ ಇರೋದಾದ್ರೆ ಇರಿ, ಲೀಸಿಗೆ ಅಂತ ಲಕ್ಷ ರೂಪಾಯಿ ದಯವಿಟ್ಟು ಕೊಡಬೇಡಿ.

ನಿಮ್ಮ ಪರಿಸ್ಥಿತಿಗೆ ಯಾವುದು

ಸಂಬಳ ಒಂದೇ, ಕೈಲಿ 20,000 ಅಷ್ಟೇ ಇದೆ ಅಂದ್ರೆ ವಠಾರ, ಆದ್ರೆ ಟಾಯ್ಲೆಟ್ ಎಣಿಸಿ, ಮೀಟರ್ ನೋಡಿ. ಎರಡು ಸಂಬಳ, ಮಗು ಇದೆ, ಕೈಲಿ ಲಕ್ಷದ ಆಚೆ ಈಚೆ ಇದೆ ಅಂದ್ರೆ ಬೇರೆ ಮನೆ ತಿಂಗಳ ಬಾಡಿಗೆ, ಅಡ್ವಾನ್ಸ್ ಎಷ್ಟಾಗುತ್ತೋ ಅಷ್ಟು ಇಳಿಸಿ. ಓನರ್ ಅಡ್ವಾನ್ಸ್ 30,000 ಕಮ್ಮಿ ಮಾಡಿ ಬಾಡಿಗೆ 300 ಜಾಸ್ತಿ ಕೇಳಿದ್ರೆ ನಾನು ಒಪ್ಕೋತೀನಿ, ಆ 30,000 ನನ್ನ ಅಕೌಂಟಲ್ಲಿದ್ರೆ ಮಗುಗೆ ಜ್ವರ ಬಂದಾಗ ಮೀಟರ್ ಬಡ್ಡಿಯೋರ ಹತ್ರ ಹೋಗೋದು ತಪ್ಪುತ್ತೆ. ಸ್ವಂತ ದುಡ್ಡು ಮೂರ್ನಾಲ್ಕು ಲಕ್ಷ ಇದ್ದು ಓನರ್ ರಿಜಿಸ್ಟರ್‌ಗೆ ರೆಡಿ ಇದ್ರೆ ಭೋಗ್ಯ.

ಜಗಳ ಕೋರ್ಟಿಗೆ ಹೋಗೋ ಹಾಗಾದ್ರೆ ಲಾಯರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ, ಕಾರ್ಖಾನೆ ಕೆಲಸಗಾರರಿಗೆ ಪುಕ್ಕಟೆ ವಕೀಲರು ಸಿಗ್ತಾರೆ, ಇವರಿಗೆ ಆದಾಯ ಎಷ್ಟು ಅಂತಾನೂ ನೋಡಲ್ಲ. 15100ಕ್ಕೆ ಫೋನ್ ಮಾಡಬಹುದು, ಬೆಂಗಳೂರಲ್ಲಾದ್ರೆ ಸಿದ್ದಯ್ಯ ರಸ್ತೆಯಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸಿರೋ ನ್ಯಾಯದೇಗುಲಕ್ಕೆ ಹೋಗಬಹುದು. ಕೇಸು ಹೆಂಡತಿ ಹೆಸರಲ್ಲಿ ಹಾಕೋಕಾಗ್ಲಿ ಅಂತ ಅಗ್ರಿಮೆಂಟಲ್ಲಿ ಗಂಡ ಹೆಂಡತಿ ಇಬ್ರ ಹೆಸರೂ ಹಾಕಿಸೋದು ಒಳ್ಳೇದು, ಗಂಡ ಬಿಟ್ಟುಹೋದ್ರೂ ಮನೆ ಅವಳ ಕೈ ತಪ್ಪಲ್ಲ.

ಆಷಾಢದಲ್ಲಿ ಯಾರೂ ಮನೆ ಬದಲಾಯಿಸಲ್ಲ, ಟು-ಲೆಟ್ ಬೋರ್ಡ್ ಹಾಗೇ ನೇತಾಡ್ತಿರುತ್ತೆ, ಅವಾಗ ಹೋಗಿ ಚೌಕಾಸಿ ಮಾಡಿದ್ರೆ ಅಡ್ವಾನ್ಸ್ ಇಳಿಯುತ್ತೆ, ಸ್ವಲ್ಪ ಟೋಕನ್ ಕೊಟ್ಟು ಶ್ರಾವಣಕ್ಕೆ ಹಾಲುಕ್ಕಿಸಿ. ಮನೆ ನೋಡೋಕೆ ಭಾನುವಾರ ಮಧ್ಯಾಹ್ನ ಹೋಗಬೇಡಿ, ಕೆಲಸದ ದಿನ ಬೆಳಗ್ಗೆ ಏಳು ಗಂಟೆಗೆ ಹೋಗಿ, ನೀರು ಹಿಡೀತಾ ನಿಂತಿರೋ ಹೆಂಗಸರ ಹತ್ರ ಒಂದೇ ಮಾತು ಕೇಳಿ, "ಅಕ್ಕ, ಈ ಮನೇಲಿ ಮುಂಚೆ ಇದ್ದೋರಿಗೆ ಅಡ್ವಾನ್ಸ್ ವಾಪಸ್ ಕೊಟ್ರಾ?"